ಯಂತ್ರಗಳಿಗೆಲ್ಲ ಉತ್ತರ ಬರೆದವರು

ಕನ್ನಡಕದ ಅಂಗಡಿಯವರಿಗೆ ಮರ್ಯಾದೆ ಎಂದರೆ ಪ್ರಾಣ. ಹತ್ತು ಫ್ರೇಮು ಹಾಕಿ ನೋಡಿ ಒಂದೂ ಕೊಳ್ಳದವರನ್ನೂ ಬಾಗಿಲವರೆಗೆ ಕಳಿಸಿಕೊಡುವ ಮನುಷ್ಯ. ಮಗಳು ಇಮೇಲ್ ಖಾತೆ ಮಾಡಿಕೊಟ್ಟ ಮೇಲೆ ಅಲ್ಲೂ ಅದೇ ಚಾಳಿ. ಶೂ ಕಂಪನಿಯ ಯಂತ್ರ ‘ನಿಮಗಾಗಿಯೇ ವಿಶೇಷ ರಿಯಾಯಿತಿ’ ಎಂದು ಬರೆದರೆ, ಇವರು ‘ನೆನಪಿಸಿಕೊಂಡದ್ದಕ್ಕೆ ಸಂತೋಷ. ಈಗಿನ ಜೋಡಿ ಚೆನ್ನಾಗಿದೆ, ಎಡಗಾಲಿನದು ಮಾತ್ರ ಸ್ವಲ್ಪ ಕಚ್ಚುತ್ತದೆ’ ಎಂದು ಉತ್ತರ ಬರೆಯುವರು. ‘ಈ ವಿಳಾಸಕ್ಕೆ ಉತ್ತರಿಸಬೇಡಿ’ ಎಂದಿದ್ದರೆ, ಪಾಪ, ಸಂಕೋಚದವರು ಎಂದುಕೊಂಡು ಇನ್ನೆರಡು ಸಾಲು ಸೇರಿಸುವರು.

ಇಂಥವರು ಮುನಿಸಿಕೊಂಡಿದ್ದು ಒಬ್ಬರ ಮೇಲೆ ಮಾತ್ರ, ಸ್ವಂತ ಅಕ್ಕನ ಮೇಲೆ. ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅಕ್ಕ, “ಇವನು ಮಾಡ್ಕೊಟ್ಟ ಕನ್ನಡಕ ಹಾಕ್ಕೊಂಡ್ರೆ ಮೆಟ್ಟಿಲೆಲ್ಲ ಸೊಟ್ಟ ಕಾಣುತ್ತೆ. ಅದಕ್ಕೇ ನಮ್ಮೂರಲ್ಲೇ ಬೇರೆ ಮಾಡಿಸ್ಕೊಂಡೆ” ಅಂದುಬಿಟ್ಟರು. ಕನ್ನಡಕದವನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? ಮರುದಿನ ಅಕ್ಕ ‘ಕೋಪ ಬಂತೇನೋ?’ ಎಂದು ಮೊದಲ ಸಲ ಇಮೇಲ್ ಕಳಿಸಿದರೆ ಇವರು ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೇಳಲಿ, ಆಮೇಲೆ ನೋಡೋಣ ಎಂಬ ಬಿಗುಮಾನ.

ಅಕ್ಕನಿಗೆ ಕಿವಿ ಮಂದ, ಫೋನಿನಲ್ಲಿ ಮಾತು ಸಾಗದು. ಇಮೇಲ್ ಬಿಟ್ಟರೆ ಗತಿಯಿಲ್ಲ. ತಿಂಗಳುಗಳು ಕಳೆದಂತೆ ಬಿಗುಮಾನವೆಲ್ಲ ಇಳಿದು, ಅಕ್ಕ ಮತ್ತೆ ಬರೆದರೆ ಸಾಕಪ್ಪ ಎನ್ನುವಂತಾಯಿತು. ಆದರೆ ಅಷ್ಟರಲ್ಲಿ ಇನ್‌ಬಾಕ್ಸ್ ತುಂಬಿ ತುಳುಕುತ್ತಿತ್ತು. ಹಾಸಿಗೆ ಮಾರುವವರು, ವಿಮೆಯವರು, ವಿಮಾನದವರು. ಈ ರಾಶಿಯಡಿ ಅಕ್ಕನ ಕಾಗದ ಸಿಕ್ಕಿಹಾಕಿಕೊಂಡಿದ್ದರೆ?

“ಅಪ್ಪ, ಇವೆಲ್ಲ ಯಂತ್ರಗಳು ಕಳಿಸೋವು. ಒಂದನ್ನೂ ಮನುಷ್ಯರು ಬರೆದಿಲ್ಲ” ಎಂದಳು ಮಗಳು.

“ಹೆಸರು ಹಿಡಿದು ಕರೀತಾರಲ್ಲೇ!”

“ಅದೂ ಯಂತ್ರಾನೇ. ಇರು, ಸೋಸಿಬಿಡ್ತೀನಿ. ಯಂತ್ರಕ್ಕೆ ಯಾರು ತಾನೇ ಉತ್ತರ ಬರೀತಾರೆ? ಅದಕ್ಕೇ ನೀನು ಒಂದು ಸಲವಾದ್ರೂ ಉತ್ತರ ಬರೆದಿರೋರು ಇಲ್ಲೇ ಉಳೀಲಿ. ಮಿಕ್ಕಿದ್ದೆಲ್ಲ ಕಸದ ಡಬ್ಬಿಗೆ.”

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಇನ್‌ಬಾಕ್ಸ್ ಕೂದಲೆಳೆಯಷ್ಟೂ ಕರಗಲಿಲ್ಲ. ಶೂನವರು, ಹಾಸಿಗೆಯವರು, ವಿಮೆಯವರು, ಎಲ್ಲರೂ ಮನೆಯ ನೆಂಟರಂತೆ ಗಟ್ಟಿಯಾಗಿ ಕೂತಿದ್ದರು. ಮಗಳು ಕಣ್ಣು ಕಿರಿದು ಮಾಡಿ ಒಂದೊಂದೇ ತೆರೆದು ನೋಡಿದಳು. “ಹಾಸಿಗೆ ಕಂಪನಿಗೆ ನಿನ್ನ ಸೊಂಟನೋವಿನ ಕಥೆ ಬರೆದಿದ್ದೀಯಾ?”

“ಕೇಳಿದ್ರು, ಹೇಳ್ದೆ.”

ನಗು ತಡೆಯಲಾಗದೆ ಅವಳು ಕಸದ ಡಬ್ಬಿ ತೆರೆದಳು. ನಗು ಅಲ್ಲಿಗೇ ನಿಂತಿತು. ಅಲ್ಲಿದ್ದುದು ಒಬ್ಬರದೇ ಹೆಸರು.

“ಅಪ್ಪ, ಅತ್ತೆಗೆ ಮಾತ್ರ ನೀನು ಒಂದ್ಸಲಾನೂ ಉತ್ತರ ಬರೆದಿಲ್ವಾ?”

ಕನ್ನಡಕದವರು ಪರದೆಯತ್ತ ಬಾಗಿದರು. ಹಳೆಯ ‘ಕೋಪ ಬಂತೇನೋ?’ ಮೇಲೆ, ಕಳೆದ ವಾರ ಬಂದ ಇನ್ನೊಂದು ಕಾಗದ ಇತ್ತು. ‘ಈ ಕನ್ನಡಕದಲ್ಲೂ ಮೆಟ್ಟಿಲು ಸೊಟ್ಟಾನೇ ಕಣೋ. ನನ್ನ ಕಣ್ಣೇ ಕೆಟ್ಟಿದೆಯೋ ಏನೋ. ನಿನ್ನ ಹತ್ರ ತೋರಿಸಬೇಕು. ನೀನು ಬಾ ಅಂದ್ರೆ ಬರ್ತೀನಿ, ಇಲ್ಲಾಂದ್ರೆ ಬೇಡ.’

ಅವರಿಗೆ ನಾಚಿಕೆಯಾಯಿತು. ಅಕ್ಕನ ಕಣ್ಣು ನೆನೆದು ಭಯವೂ ಆಯಿತು. ಕೀಲಿಮಣೆ ಎಳೆದುಕೊಂಡು ‘ತಮ್ಮ ಪತ್ರ ತಲುಪಿ ಸಂತೋಷವಾಯಿತು’ ಎಂದು ಶುರು ಮಾಡಿದರು. ಅದು ಶೂನವರಿಗೆ ಬರೆದ ಹಾಗೇ ಇದೆ ಅನ್ನಿಸಿ ಅಳಿಸಿದರು. ಆಮೇಲೆ ‘ಅಕ್ಕ, ತಪ್ಪಾಯ್ತು. ಬಾ’ ಎಂದಷ್ಟೇ ಬರೆದು ಕಳಿಸಿ, ಪರದೆ ಬಿಟ್ಟು ಅಲ್ಲಾಡಲಿಲ್ಲ.

ಮಗಳು ಕಾಫಿ ತಂದಿಡುವಷ್ಟರಲ್ಲಿ ಉತ್ತರ ಬಂತು. ಈ ಸಲ ಕಸದ ಡಬ್ಬಿಗಲ್ಲ, ಇನ್‌ಬಾಕ್ಸಿಗೇ, ಎಲ್ಲರಿಗಿಂತ ಮೇಲೆ.

‘ನಾಳೆ ಬರ್ತೀನಿ. ಬಸ್ಸಿನ ಹತ್ರ ಬಂದು ಕೈ ಹಿಡ್ಕೋ. ಅಲ್ಲೂ ಮೆಟ್ಟಿಲಿದೆ.’