ವೀರಗಲ್ಲಿನ ಮುಂದೆ ತಟ್ಟೆ ಹಿಡಿದು ನಿಂತ ಕಥೆ

ಗೆಳೆಯರೇ, ನಮ್ಮ ಶಿಲ್ಪದ ಗ್ರೂಪಿನ ಜಗಳ ಇವತ್ತು ಮುಗಿಯಬೇಕಿತ್ತು. ದೊಡ್ಡಗದ್ದವಳ್ಳಿ ಹತ್ತಿರದ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ವೀರನ ಕೈಯಲ್ಲಿರುವುದು ಬಿಲ್ಲು ಅಂತ ನಾನು, ಕತ್ತಿ ಅಂತ ಉಳಿದವರೆಲ್ಲ. ನನ್ನ ಹಳೇ ಫೋಟೋ ಮಸುಕು. ಅದಕ್ಕೇ ಬೆಳಗ್ಗೆಯೇ ಕ್ಯಾಮೆರಾ ಹಿಡಿದು ಹೋದೆ.

ಫೋಕಸ್ ಮಾಡುವಷ್ಟರಲ್ಲಿ ಆ ಹೊಲದ ಅಜ್ಜಿ ಬಿಂದಿಗೆ ಹೊತ್ತು, ಪೂಜೆ ಸಾಮಾನು ಹಿಡಿದು ಬಂದರು.

"ತಡಿ ಮಗ. ನಮ್ಮನೆ ದೇವ್ರು ಅದು. ಮೈ ತೊಳೀದೆ ಅಂಗೇ ಫೋಟೋ ತಗೀತಾರಾ? ನೀನು ಫೋಟೋಕ್ ನಿಲ್ಲೋವಾಗ ಮುಖ ತೊಳ್ಕಳಲ್ವಾ?"

ನನ್ನ ಒಂದು ಕೈಗೆ ಅರಿಶಿನದ ತಟ್ಟೆ, ಇನ್ನೊಂದಕ್ಕೆ ಹೂವಿನ ಬುಟ್ಟಿ ಕೊಟ್ಟು ನೀರು ಸುರಿದರು. ಒದ್ದೆ ಕಲ್ಲಿನ ಮೇಲೆ ವೀರ, ಬಿಲ್ಲು, ಹೂಡಿದ ಬಾಣ ಎಲ್ಲವೂ ನಿನ್ನೆ ಕೆತ್ತಿದಂತೆ ಎದ್ದು ಕಂಡವು. ಕ್ಯಾಮೆರಾ ಮಾತ್ರ ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

"ಅಜ್ಜಿ, ಒಂದ್ನಿಮಿಷ, ಇದನ್ನ ಕೆಳಗಿಡ್ಲಾ?"

"ಪೂಜೆ ಸಾಮಾನು ನೆಲಕ್ಕಿಡಬ್ಯಾಡ, ಸುಮ್ಕೆ ನಿಂತ್ಕ" ಅಂದವರೇ ಕಲ್ಲಿಗೆಲ್ಲ ಅರಿಶಿನ ಬಳಿದು, ಸೇವಂತಿಗೆಯಲ್ಲಿ ಮುಚ್ಚಿಬಿಟ್ಟರು. "ಈಗ ತಗಿ. ಎಷ್ಟ್ ಚೆಂದಾಗವ್ನೆ ನೋಡು."

ತೆಗೆದೆ. ಫೋಟೋದಲ್ಲಿ ವೀರನ ಎರಡು ಪಾದ ಇವೆ, ಉಳಿದದ್ದೆಲ್ಲ ಸೇವಂತಿಗೆ.

ಬಿಲ್ಲು-ಕತ್ತಿಯ ಜಗಳವನ್ನು ಅಜ್ಜಿಗೆ ಹೇಳಿದೆ. ನಕ್ಕರು.

"ಬಿಲ್ಲೇ ಕಣ ಮಗ. ವಾರ ವಾರವೂ ಮೈ ತೊಳ್ಯೋಳು ನಾನು. ನನ್ನ ಕೇಳಾದ್ ಬಿಟ್ಟು ಅದ್ಯಾರ್ಯಾರ್ನೋ ಕೇಳ್ತೀಯಲ್ಲ."

ಇಂಥ ಸಾಕ್ಷಿಯನ್ನು ಗ್ರೂಪಿಗೆ ಸೇರಿಸೋಣವೆಂದರೆ ಅಜ್ಜಿಯದು ಬಟನ್ ಫೋನು. ಇನ್ನೂ ಕತ್ತಿ ಅನ್ನುವವರು ಮುಂದಿನ ವಾರ ಬನ್ನಿ, ತಟ್ಟೆ ಹಿಡಿಯೋಕೆ ಜನ ಬೇಕಂತೆ.