ಶಹಾಪುರದಲ್ಲಿ ಬುದ್ಧಿಮಾಪನ

ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತ ಕುಳಿತವನ ಕೈಗೆ ಹಳೆಯ ವಾರಪತ್ರಿಕೆಯೊಂದು ಸಿಕ್ಕರೆ ಅದರಲ್ಲಿ ‘ನಿಮ್ಮ ಬುದ್ಧಿಯನ್ನು ನೀವೇ ಅಳೆದುಕೊಳ್ಳಿ’ ಎಂಬ ಪುಟವೊಂದು ಇದ್ದೇ ಇರುತ್ತದೆ. ಮೊನ್ನೆ ನಾನೂ ಅಳೆದುಕೊಂಡೆ. ಸಾಧಾರಣಕ್ಕಿಂತ ಕೊಂಚ ಕಡಿಮೆ ಎಂಬ ತೀರ್ಪು ಬಂತು. ನನ್ನ ಸಿಟ್ಟಿಗೆ ಅದೇ ಕಾರಣವೆಂದು ನೀವು ಮುಸಿಮುಸಿ ನಗಬಹುದು. ನಗಿ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಬಟ್ಟೆ ಅಳೆಯುವ ಗಜಕ್ಕೂ ಸರಕಾರಿ ಮುದ್ರೆ ಬೇಕೆನ್ನುವ ಈ ನಾಡಿನಲ್ಲಿ ಮನುಷ್ಯನ ಮಿದುಳನ್ನು ಮಾತ್ರ ಯಾರು ಬೇಕಾದರೂ ಅಳೆಯಬಹುದಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ. ಹಾಗೆ ಅಳೆಯಲು ಹೋದವರಲ್ಲಿ ನಾನೂ ಒಬ್ಬ.

ಅರವತ್ತರ ದಶಕದ ಆರಂಭದಲ್ಲಿ ಕೊಲ್ಹಾಪುರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಯುತ್ತಿದ್ದೆ. ಪೀಠಿಕೆಯ ಪಾಠಗಳು ಮುಗಿಯುವಷ್ಟರಲ್ಲೇ ಎದುರಿಗೆ ಬಂದವರ ಅಂತರಂಗವೆಲ್ಲ ನನಗೆ ನಿಚ್ಚಳವಾಗಿ ಕಾಣತೊಡಗಿತ್ತು. ಖಾನಾವಳಿಯ ಸಾರಿಗೆ ಉಪ್ಪು ಹೆಚ್ಚಾದರೆ ಅಡಿಗೆಯವನ ಬಾಲ್ಯವನ್ನು ಶಂಕಿಸುತ್ತಿದ್ದೆ. ಐವರು ಕಾರ್ಮಿಕರ ಬುದ್ಧಿಮಾಪನ ಮಾಡಿ ವರದಿ ಒಪ್ಪಿಸಬೇಕೆಂದಾಗ ಇಚಲಕರಂಜಿಗೆ ಹೊರಟೆ. ಅಲ್ಲಿಯ ಶಹಾಪುರದ ವಿದ್ಯುನ್ಮಗ್ಗದ ಶೆಡ್ಡಿನಲ್ಲಿ ನನ್ನ ಸೋದರಮಾವ ಸಂಗಪ್ಪ ನೇಯುತ್ತಿದ್ದ. ನೂಲ ಗ್ರಾಮದಿಂದ ಬಂದ ನನ್ನನ್ನು ಮನೆಯಲ್ಲಿಟ್ಟುಕೊಂಡು ಹೈಸ್ಕೂಲು ಓದಿಸಿದವನು ಅವನೇ. ಮಗ್ಗಗಳ ರಿಪೇರಿ ನೋಡಿಕೊಳ್ಳುವ ಜಾಬರನ ಜಾಗ ಆಗ ತೆರವಾಗಿತ್ತು. ಅದು ಮಾಮಾನಿಗೇ ಎಂದು ಶೆಡ್ಡಿನವರೆಲ್ಲ ನಂಬಿದ್ದರು.

ನಮ್ಮ ಪ್ರಾಧ್ಯಾಪಕರ ಆಜ್ಞೆ ಕಠಿಣವಾಗಿತ್ತು: ಎಲ್ಲರಿಗೂ ಒಂದೇ ಸೂಚನೆ, ಒಂದೇ ಸಮಯ, ಪ್ರಯೋಗ ಮಾಡುವವನು ಗೋಡೆಯಂತಿರಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಐವರನ್ನೂ ಸಾಲಾಗಿ ಕೂರಿಸಿ, ಬಣ್ಣದ ಮರದ ತುಂಡುಗಳನ್ನು ಚಿತ್ರದಲ್ಲಿದ್ದಂತೆ ಜೋಡಿಸಿರೆಂಬ ಮರಾಠಿ ಸೂಚನೆಯನ್ನು ಅಕ್ಷರ ತಪ್ಪದೆ ಓದಿ, ಗಡಿಯಾರ ಹಿಡಿದು ಗೋಡೆಯಾದೆ. ಮಾಮಾನ ಬೆರಳುಗಳು ಎಲ್ಲರಿಗಿಂತ ಮುಂದೆ ಓಡಿದವು. ಇನ್ನೆರಡು ತುಂಡು ಉಳಿದಿದ್ದಾಗ ಅವನು, ಪಕ್ಕದ ದತ್ತೋಬ ತಬ್ಬಿಬ್ಬಾಗಿ ಕುಳಿತದ್ದನ್ನು ಕಂಡ. ತನ್ನದನ್ನು ಬಿಟ್ಟು ಎದ್ದು ಹೋಗಿ ಅವನದನ್ನು ಪೂರ್ತಿ ಜೋಡಿಸಿಕೊಟ್ಟ. ತಿರುಗಿ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಶೆಡ್ಡಿನ ರೂಢಿಯೇ ಹಾಗೆ: ಎಳೆ ಹರಿದು ನೆರೆಯವನ ಮಗ್ಗ ನಿಂತರೆ ಮೊದಲು ಹೋಗಿ ಅದನ್ನು ಗಂಟು ಹಾಕಿ ನಡೆಸಿಕೊಡಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೋಡೆ ಬರೆಯಿತು: ದತ್ತೋಬ – ಪೂರ್ಣ; ಸಂಗಪ್ಪ – ಅಪೂರ್ಣ, ಮಂದಬುದ್ಧಿ.

ಶೆಡ್ಡಿನ ಮಾಲಕರು ಕುತೂಹಲದಿಂದ ವರದಿಯ ಒಂದು ಪ್ರತಿ ಕೇಳಿದರು. ನಾನು ದೊಡ್ಡಸ್ತಿಕೆಯಿಂದ ಸಹಿ ಹಾಕಿ ಕೊಟ್ಟೆ. ಎಂಟು ದಿನದಲ್ಲಿ ದತ್ತೋಬ ಜಾಬರನಾದ. ಸುದ್ದಿ ತಿಳಿದವನೇ ಓಡಿಹೋಗಿ ಮಾಲಕರೊಡನೆ ಜಗಳ ತೆಗೆದೆ.

“ನಾ ಏನ್ ಮಾಡ್ಲಿರಿ? ಮಂದಬುದ್ಧಿ ಅಂತ ನೀವಽ ಬರದೀರಿ. ಶಾಸ್ತ್ರಾ ಓದಿದವರು ನೀವು,” ಎಂದರು.

ಪ್ರಾಧ್ಯಾಪಕರ ಬಳಿ ಹೋದೆ. ನೆರವು ಪಡೆದ ದತ್ತೋಬನ ಅಂಕವನ್ನೂ ರದ್ದು ಮಾಡಬೇಕಿತ್ತೆಂದು ತಿದ್ದಿದರೇ ಹೊರತು ಮಾಮಾನ ಹೆಸರಿನ ಮುಂದಿನ ಪದವನ್ನು ಮುಟ್ಟಲಿಲ್ಲ. ಪಕ್ಕದವನ ಕಷ್ಟವನ್ನು ಎಲ್ಲರಿಗಿಂತ ಮೊದಲು ಕಂಡದ್ದಕ್ಕೆ ಅಂಕವೇ ಇಲ್ಲದ ಪರೀಕ್ಷೆಯನ್ನು ರಚಿಸಿದ ಆ ಪುಣ್ಯಾತ್ಮನ ಮೇಲೆ ನನಗೆ ಇಂದಿಗೂ ಕೋಪ. ಅದನ್ನು ವೇದವಾಕ್ಯವೆಂದು ಬೋಧಿಸಿದ ಗುರುಗಳ ಮೇಲೂ ಕೋಪ. ಗೋಡೆಯಾಗಿ ನಿಂತವನ ಮೇಲಂತೂ ಹೇಳತೀರದು.

ಆ ವಾರ ಶಹಾಪುರಕ್ಕೆ ಹೋಗಿ ಮಾಮಾನ ಎದುರು ತಲೆ ತಗ್ಗಿಸಿ ಕೂತೆ. ಜಾಬರನ ಜಾಗದ ಮಾತನ್ನೇ ಅವನು ಎತ್ತಲಿಲ್ಲ. ಚಹಾದ ಬಟ್ಟಲನ್ನು ನನ್ನತ್ತ ಸರಿಸಿ, ಅಂಜುತ್ತಲೇ ಕೇಳಿದ:

“ಅಳಿಯಾ, ನಿನ್ನ ಪರೀಕ್ಷಾ ಪಾಸ್ ಆತಿಲ್ಲೋ? ದತ್ತೂಂದು ಅರ್ಧಕ್ಕ ನಿಂತಿತ್ತು ನೋಡು, ಎಲ್ಲಿ ನಿನಗ ಮಾರ್ಕ್ ಕಡಿಮಿ ಬೀಳ್ತಾವೋ ಅಂತ ನನಗ ಭಾಳ ಕಾಳಜಿ ಆಗಿತ್ತು.”

ಆಗಿತ್ತು. ಅದೇ ವರದಿಯಿಂದ ಇಡೀ ತರಗತಿಗೆ ಮೊದಲಿಗನಾಗಿ ಪಾಸಾಗಿದ್ದೆ.