ವೀರಭದ್ರನನ್ನು ನೆಟ್ಟಗೆ ಮಾಡಿದ್ದು ಯಾರು?

ನಮ್ಮ ಹಳೇ ಜೀಪಿನ ಮುಂದಿನ ಎರಡೂ ಟೈರುಗಳು ಹೊರ ಅಂಚಿನಲ್ಲಿ ಬೋಳಾಗಿದ್ದವು. ಒಳಗಡೆ ಹೊಸದರಂತೆ ಗೆರೆಗಳು, ಹೊರಗಡೆ ನನ್ನ ತಲೆ. (ಹೋಲಿಕೆ ನನ್ನದಲ್ಲ, ಹೆಂಡತಿಯದು.)

ಹೋದ ಭಾನುವಾರ ಕಲ್ಲೋಳಿಯ ನಮ್ಮ ಅಂಗಳದಲ್ಲಿ ಅದನ್ನು ಕಂಡವಳೂ ಅವಳೇ. ಅಲ್ಲೇ ವಿಚಾರಣೆ ಶುರುವಾಯಿತು.

ಕಾರಣ ಇಬ್ಬರಿಗೂ ಗೊತ್ತಿತ್ತು. ಕಳೆದ ಕಬ್ಬಿನ ಸೀಸನ್ನಿನಲ್ಲಿ ಅಂಕಲಗಿ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಜೀಪು ರಸ್ತೆಯಿಂದ ಕೆಳಗಿಳಿದು ಮೋರಿಯ ಕಲ್ಲಿಗೆ ಗುದ್ದಿತ್ತು. ಆಗ ಸ್ಟೇರಿಂಗ್ ಹಿಡಿದಿದ್ದವರು ಯಾರು?

"ನೀವ," ಅಂದಳು ಸುಜಾತಾ.

ನನಗೆ ನೆನಪಿರುವುದು ಬೇರೆ. ನಾನು ಪಕ್ಕದ ಸೀಟಿನಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆ. ತೊಡೆಯ ಮೇಲೆ ಸಿಪ್ಪೆ ಇತ್ತು. ಅಷ್ಟು ಸ್ಪಷ್ಟ! ಆದರೆ ಅವಳಿಗೂ ಅದೇ ಶೇಂಗಾ, ಅದೇ ಸಿಪ್ಪೆ ತನ್ನ ತೊಡೆಯ ಮೇಲೆ ನೆನಪಿದೆ. ಹಾಗಾದರೆ ಗಾಡಿ ಓಡಿಸಿದ್ದು ಶೇಂಗಾವೇ?

ಸುಮ್ಮನಾಗಬಹುದಿತ್ತು. ಆದರೆ ಬುಧವಾರ ನಿಡಸೋಸಿಯಲ್ಲಿ ನನ್ನ ತಂಗಿಯ ಕುಬಸ, ಅಂದರೆ ಸೀಮಂತ. ಓಡಿಸುವವರಿಗೆ ಮುಂದಿನ ಸೀಟು. ಪಕ್ಕದ್ದು ಅವ್ವನದು. (ಹಿಂದೆ ಕೂತರೆ ಅವಳಿಗೆ ವಾಂತಿ.) ಉಳಿದವರು ಹಿಂದಿನ ಅಡ್ಡ ಸೀಟಿನಲ್ಲಿ ಹೋಳಿಗೆ ಬುಟ್ಟಿ ಹೊತ್ತು, ಹುಕ್ಕೇರಿ ರಸ್ತೆಯ ಪ್ರತಿ ತಗ್ಗಿಗೂ ಮೇಲಿನ ಕಬ್ಬಿಣಕ್ಕೆ ತಲೆ ಕೊಡಬೇಕು. ಕಲ್ಲಿಗೆ ಗುದ್ದಿದವರೇ ಹಿಂದೆ ಕೂರಬೇಕೆಂದು ತೀರ್ಮಾನವಾಯಿತು.

ಸೋಮವಾರ ವೀಲ್ ಅಲೈನ್‌ಮೆಂಟಿಗೆಂದು ಮೂವರೂ ಗೋಕಾಕಿಗೆ ಹೋದೆವು. (ಅವ್ವನಿಗೆ ಅಲೈನ್‌ಮೆಂಟ್ ಅಲ್ಲ, ಕರದಂಟು ಬೇಕಿತ್ತು.)

ಗ್ಯಾರೇಜಿನ ದಸ್ತಗೀರ ಒಂದು ಸುತ್ತು ಓಡಿಸಿ ಬಂದವನು ಸ್ಟೇರಿಂಗ್ ನೋಡಿ ನಗತೊಡಗಿದ. ಅದರ ನಡುವೆ ನಮ್ಮ ಮನೆದೇವರು ವೀರಭದ್ರನ ಸ್ಟಿಕ್ಕರ್ ಇದೆ. ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಬಲಕ್ಕೆ ಓರೆ, ವೀರಭದ್ರ ಮಾತ್ರ ನೆಟ್ಟಗೆ.

"ಎಲ್ಲೋ ಗುದ್ದಿ ರಾಡ್ ಬೆಂಡ್ ಆಗೇತ್ರಿ ಸರ್. ಎರಡೂ ಗಾಲಿ ಮೂತಿ ಒಳಗ ಮಾಡಿ ಉಜಗೊಂತ ಹೊಂಟಾವ. ಸ್ಟೇರಿಂಗ್ ಸೊಟ್ಟ ಆದಾಗ ದೇವ್ರೂ ಸೊಟ್ಟ ಆಗಿರಬೇಕಲ್ರಿ? ನೀವು ಗಾಲಿ ಬಿಟ್ಟು ದೇವ್ರನ್ನ ಕಿತ್ತಿ ನೆಟ್ಟಗ ಹಚ್ಚೀರಿ. ಯಾರ್ರಿ ಹಚ್ಚಿದವ್ರು?"

"ನಾನು," ಎಂದೆ.

"ನಾನ್ರಿ," ಎಂದಳು ಸುಜಾತಾ. ಅವ್ವನ ಎದುರಿಗೆ ಭಕ್ತಿಯಲ್ಲಿ ಹಿಂದೆ ಬೀಳುವವರು ಯಾರು?

"ಹಂಗಾರ ಗುದ್ದಿದವ್ರೂ ಅವ್ರ," ಎಂದ ದಸ್ತಗೀರ. "ಮಾಡಿದವ್ರ ಮೊದಲ ಮುಚ್ಚಾಕ ನೋಡತಾರ."

"ಇವ್ರ ಹಚ್ಚ್ಯಾರ ತಗೋರಿ. ಉಗುಳು ಹಚ್ಚಿ ಒತ್ತಿದ್ದು ನಾ ನೋಡೇನಿ," ಎಂದಳು ಸುಜಾತಾ.

"ದೇವರಿಗೆ ಉಗುಳ ಹಚ್ಚಾಂವ ಅಲ್ಲ ನಾ. ಅದು ನಿಂದ ಕೆಲಸ," ಎಂದೆ.

ತಮಾಷೆಯೆಂದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಅರ್ಧ ನಿಮಿಷದ ಹಿಂದೆ ಆ ಸ್ಟಿಕ್ಕರನ್ನು ಒತ್ತುತ್ತಿದ್ದ ನನ್ನ ಹೆಬ್ಬೆರಳು ಕಣ್ಣಿಗೆ ಕಟ್ಟಿದಂತಿತ್ತು. ಈಗ ಅದೇ ಬೆರಳಿಗೆ ಬಳೆಗಳಿರುವ ಕೈ ಅಂಟಿಕೊಂಡಿತ್ತು. ನೆನಪು ಇಷ್ಟು ಬೇಗ ಪಕ್ಷಾಂತರ ಮಾಡುತ್ತದೆಯೇ?

ಅವ್ವ ಕರದಂಟು ಅಗಿಯುವುದನ್ನು ನಿಲ್ಲಿಸಿದಳು.

"ಹಚ್ಚಿದಾಕಿ ನಾನು. ಡೊಂಕ ದೇವರ ಬಾಜೂಕ ಎಷ್ಟ ದಿನಾ ಕೂಡ್ಲಿ?"

ದಸ್ತಗೀರನ ತರ್ಕ ಅಲ್ಲೇ ಪಂಕ್ಚರ್. ಅವ್ವನಿಗೆ ಸೈಕಲ್ ಕೂಡ ಬರುವುದಿಲ್ಲ.

ಅಲೈನ್‌ಮೆಂಟ್ ಮುಗಿಯಿತು. ಗಾಲಿ ನೆಟ್ಟಗಾದವು, ಸ್ಟೇರಿಂಗ್ ನೆಟ್ಟಗಾಯಿತು. ವೀರಭದ್ರ ಎಡಕ್ಕೆ ವಾಲಿದ! ಇಬ್ಬರೂ ಒಟ್ಟಿಗೇ ಕೈ ಚಾಚಿದೆವು.

"ತಡೀರಿ," ಎಂದಳು ಅವ್ವ. "ಕಲ್ಲಿಗೆ ಗುದ್ದಿದವ್ರ ಅದನ್ನ ನೆಟ್ಟಗ ಮಾಡ್ಲಿ. ಉಳಿದವ್ರು ಮುಟ್ಟಬ್ಯಾಡ್ರಿ."

ಇಬ್ಬರ ಕೈಗಳೂ ಹಿಂದಕ್ಕೆ ಬಂದವು.

"ಹಂಗಾರ ಬುಧವಾರ ಇಬ್ರೂ ಹಿಂದ ಕೂಡ್ರಿ. ದಸ್ತಗೀರಾ, ನೀ ಬರ್ತಿ ಏನಪಾ? ಹೋಳಿಗಿ ಊಟ ಐತಿ."

ಬುಧವಾರ ಗಾಡಿ ಓಡಿಸಿದ್ದು ದಸ್ತಗೀರ. ಹಿಂದೆ ನಾವಿಬ್ಬರು ಎದುರುಬದುರು, ತೊಡೆಯ ಮೇಲೆ ಒಂದೊಂದು ಬುಟ್ಟಿ, ಹಣೆಯ ಮೇಲೆ ಒಂದೊಂದು ಬುಗುಟೆ. ಜೀಪು ಬಾಣದಂತೆ ನೇರ ಹೋಯಿತು.

ವೀರಭದ್ರ ಇವತ್ತಿಗೂ ಸೊಟ್ಟಗೇ ಇದ್ದಾನೆ. ಮುಟ್ಟುವವರು ಯಾರು?